ಕಳಚಿ ಕೊಟ್ಟ ಹಳೇ ಸಾಮಾನು

ನನ್ನ ಭಾವನಿಗೆ ಮೋಸ ಮಾಡುವವನು ಇನ್ನೂ ಹುಟ್ಟಿಲ್ಲ ಎಂದು ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದೆವು. ಎಲ್ಲರಿಗಿಂತ ಹೆಚ್ಚಾಗಿ ಅವನೇ ನಂಬಿದ್ದ. ಅಕ್ಕನ ಗಂಡನನ್ನು ಹೀಗೆ ಅವನು ಇವನು ಎನ್ನುವುದು ಸರಿಯಲ್ಲ, ಗೊತ್ತು. ಎದುರಿಗೆ ಸಿಕ್ಕರೆ ಈಗಲೂ ಬಹುವಚನದಲ್ಲೇ ಮಾತಾಡಿಸುತ್ತೇನೆ. ಬೆನ್ನ ಹಿಂದೆ ಮಾತ್ರ ಅದಕ್ಕೆ ನಾಲಿಗೆ ಏಳುವುದಿಲ್ಲ.

ಅವನು ಒಂದು ಕಾರ್ಖಾನೆಯ ಖರೀದಿ ವಿಭಾಗದಲ್ಲಿದ್ದಾನೆ. ತೂಕದಲ್ಲಿ ಕಡಿಮೆ ಕೊಟ್ಟವನನ್ನು, ಹೊಸದೆಂದು ಹಳೆಯದನ್ನು ದಾಟಿಸಿದವನನ್ನು ಹಿಡಿಯುವುದೇ ಅವನ ಕೆಲಸ. ಮನೆಗೆ ಬಂದ ಮೇಲೂ ಆ ಕೆಲಸ ಮುಗಿಯುತ್ತಿರಲಿಲ್ಲ. ಬದನೆಕಾಯಿಯ ತೊಟ್ಟು ಎತ್ತಿ ನೋಡುವನು, ಸೋಪಿನ ಪೊಟ್ಟಣವನ್ನು ಅಂಗೈ ಮೇಲಿಟ್ಟು ತೂಗುವನು, ನಾನು ಹೊಲಿದುಕೊಟ್ಟ ಅಂಗಿಯ ಒಳಹೊಲಿಗೆಯನ್ನು ನನ್ನೆದುರೇ ಎಳೆದು ಪರೀಕ್ಷಿಸುವನು. ನಾವು ಅವನಿಗೆ ಪತ್ತೇದಾರ ಎಂದು ಹೆಸರಿಟ್ಟಿದ್ದೆವು. ನನ್ನನ್ನು ಕಟ್ಟಿಕೊಳ್ಳುವಾಗ ಮಾತ್ರ ತೊಟ್ಟು ಎತ್ತಿ ನೋಡಲಿಲ್ಲ, ಪಾಪ, ಎಂದು ಅಕ್ಕ ನಗುತ್ತಿದ್ದಳು.

ಅಕ್ಕ ನರ್ಸ್. ಹಾಸಿಗೆ ಹಿಡಿದವರ ಮನೆಗೇ ಹೋಗಿ ಹುಣ್ಣು ತೊಳೆದು, ಕಟ್ಟು ಬದಲಿಸಿ, ಮಗ್ಗುಲು ತಿರುಗಿಸಿ ಬರುವವಳು. ದಿನವಿಡೀ ಒಂದು ಮನೆಯಿಂದ ಇನ್ನೊಂದಕ್ಕೆ ಓಡಾಟ, ಅದಕ್ಕೇ ಕಾರು. ಭಾವನಿಗೆ ಕಾರು ಓಡಿಸಲು ಬರುವುದಿಲ್ಲ. ಆದರೂ ಗ್ಯಾರೇಜಿನ ವ್ಯವಹಾರವೆಲ್ಲ ಅವನದೇ. ಹೆಂಗಸರು ಒಬ್ಬರೇ ಹೋದರೆ ಟೋಪಿ ಹಾಕುತ್ತಾರೆ ಎಂಬುದು ಅವನ ಸಿದ್ಧಾಂತ. ಅಕ್ಕ ಕಾರನ್ನು ಅಲ್ಲಿ ಬಿಟ್ಟು ಬಸ್ಸು ಹತ್ತುವಳು, ಅವನು ಉಳಿದುಕೊಂಡು ಮೇಸ್ತ್ರಿಯ ಜೊತೆ ಮಾತಿಗೆ ಕೂರುವನು.

ಆ ಮೇಸ್ತ್ರಿ ಬೆಣ್ಣೆಯಂಥ ಮಾತಿನವನು. ಗಿರಾಕಿ ಕಂಡರೆ ಎಣ್ಣೆಗೈ ಒರೆಸಿಕೊಂಡು ಕುರ್ಚಿ ಎಳೆದು ಕೊಡುವನು. ಅವನಲ್ಲಿ ಒಂದು ಪದ್ಧತಿಯಿತ್ತು, ಎಷ್ಟೋ ಗ್ಯಾರೇಜುಗಳಲ್ಲಿ ಇರುವುದೇ: ಕಾರಿನ ಯಾವ ಭಾಗ ಬದಲಿಸಿದರೂ, ಕಳಚಿದ ಹಳೆಯದನ್ನು ಗಿರಾಕಿಯ ಕೈಗೇ ಕೊಡುವುದು. ನೋಡಿ, ಇದು ಹೋಯಿತು, ಹೊಸದು ಬಂತು ಎಂಬುದಕ್ಕೆ ಸಾಕ್ಷಿ. ಭಾವನಿಗೆ ಇದಕ್ಕಿಂತ ಇಷ್ಟವಾದದ್ದು ಬೇರೆ ಇರಲಿಲ್ಲ. ಹಳೇ ಸಾಮಾನನ್ನು ಪೇಪರಿನಲ್ಲಿ ಸುತ್ತಿ ತಂದು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದ. ಮನೆಗೆ ಬಂದವರಿಗೆ ಕಾಫಿಗೆ ಮೊದಲು ಅದರ ದರ್ಶನ.

ನಾನು ಹೊಲಿಗೆಯವಳು. ಉಳಿದ ಬಟ್ಟೆ ವಾಪಸ್ ಕೊಡಿ ಎಂದು ಕೇಳುವವರು ನನ್ನಲ್ಲಿಗೂ ಬರುತ್ತಾರೆ. ಮೇಜಿನ ಕೆಳಗಿನ ಚೀಲಕ್ಕೆ ಕೈಹಾಕಿ ಅದೇ ಬಣ್ಣದ ಯಾರದೋ ಚೂರು ಕೊಟ್ಟರೂ ಅವರು ಖುಷಿಯಾಗಿಯೇ ಹೋಗಿಯಾರು. ಇದು ನಮ್ಮ ಕಾರಿನದೇ ಅಂತ ಹೇಗೆ ಗೊತ್ತು ಭಾವ ಎಂದು ಒಮ್ಮೆ ಕೇಳಿದೆ. ಬಟ್ಟೆ ಬೇರೆ, ಕಬ್ಬಿಣ ಬೇರೆ ಎಂದು ನಕ್ಕುಬಿಟ್ಟ. ಚಾಪೆ ಕೆಳಗೆ ತೂರುವವನಿಗೆ ರಂಗೋಲಿ ಕೆಳಗೆ ತೂರುವವನೊಬ್ಬ ಇರುತ್ತಾನೆ ಎಂಬುದು ಅವನ ತಲೆಗೆ ಹೋಗಲೇ ಇಲ್ಲ.

ಒಂದು ದಿನ ಅಕ್ಕ ಬ್ರೇಕ್ ಸರಿಯಿಲ್ಲ ಎಂದಳು. ಒತ್ತಿದರೆ ಕಾರು ತಡವಾಗಿ ನಿಲ್ಲುತ್ತದೆ, ಇಳಿಜಾರಿನಲ್ಲಿ ಎದೆ ಧಸಕ್ ಎನ್ನುತ್ತದೆ. ಭಾವ ಕಾರನ್ನು ಗ್ಯಾರೇಜಿಗೆ ಬಿಡಿಸಿ ತಾನು ಕಾರ್ಖಾನೆಗೆ ಹೋಗಿ, ಸಂಜೆ ಹಳೇ ಬ್ರೇಕ್ ಪ್ಯಾಡುಗಳನ್ನು ತಂದು ಕಟ್ಟೆಯ ಮೇಲಿಟ್ಟ. ಚಕ್ರದ ಒಳತಟ್ಟೆಯನ್ನು ಎರಡೂ ಕಡೆಯಿಂದ ಅದುಮಿ ನಿಲ್ಲಿಸುವ ತುಂಡುಗಳು ಅವು, ಸವೆದು ತಗಡಾಗಿದ್ದವು. ಇಂಥದ್ದನ್ನು ಇಟ್ಟುಕೊಂಡು ಓಡಿಸುತ್ತಿದ್ದೆಯಲ್ಲ, ನಾನಿಲ್ಲದಿದ್ದರೆ ನಿನ್ನ ಗತಿ ಏನು ಎಂದು ಅಕ್ಕನಿಗೇ ಗದರಿದ.

ಆದರೆ ಬ್ರೇಕ್ ಮೊದಲಿನ ಹಾಗೇ ಇತ್ತು. ಅಕ್ಕ ಹೇಳಿದಳು. ಭಾವ ಮೇಸ್ತ್ರಿಗೆ ಫೋನ್ ಮಾಡಿದ. ಹೊಸ ಪ್ಯಾಡು ಕೂತುಕೊಳ್ಳಬೇಕು, ಸ್ವಲ್ಪ ದಿನ ಹಾಗೇ ಇರುತ್ತದೆ ಎಂದನಂತೆ ಅವನು. ಕೆಲವು ದಿನ ಕಳೆದು ಅಕ್ಕ ಮತ್ತೆ ಹೇಳಿದಳು. ಆಗ ನಾನೂ ಅಲ್ಲೇ ಇದ್ದೆ. ಭಾವನಿಗೆ ರೇಗಿತು.

"ಹಳೇದನ್ನ ನನ್ನ ಕೈಯಾರೆ ಇಸ್ಕೊಂಡು ಬಂದಿದ್ದೀನಿ. ಬ್ರೇಕ್ ಸರಿಯಾಗಿದೆ. ನಿನ್ನ ಕಾಲಿಗೆ ಅಭ್ಯಾಸ ಆಗ್ಬೇಕು, ಅಷ್ಟೆ."

ಡಾಕ್ಟರು ಬರೆದುಕೊಟ್ಟ ಔಷಧಿಯ ಬಾಟಲಿಯನ್ನೂ ಮೂರು ಸಲ ಓದಿ ನೋಡುವ ನನ್ನಕ್ಕ, ಸರಿ ಎಂದು ಒಪ್ಪಿಕೊಂಡಳು.

ಆ ವಾರವೇ ಅದಾಯಿತು. ಬಸ್ ನಿಲ್ದಾಣಕ್ಕೆ ಇಳಿಯುವ ಬೀದಿಯ ಕೊನೆಯಲ್ಲಿ, ಗೋಡೆಗೆ ಒರಗಿಕೊಂಡು ಒಬ್ಬ ಛತ್ರಿ ರಿಪೇರಿಯವನು ಕೂರುತ್ತಿದ್ದ. ಅಕ್ಕನ ಕಾರು ಇಳಿಜಾರಿನಲ್ಲಿ ನಿಲ್ಲಲಿಲ್ಲ. ಎರಡೂ ಕಾಲಲ್ಲಿ ಬ್ರೇಕ್ ಒತ್ತಿದಳು, ಕೈಬ್ರೇಕ್ ಎಳೆದಳು, ಕಾರು ಅಡ್ಡ ತಿರುಗಿ ಹೋಗಿ ಆ ಗೋಡೆಗೇ ಬಡಿಯಿತು. ಅಕ್ಕನ ಭುಜದ ಮೂಳೆ ಮುರಿದಿತ್ತು. ಆ ಭುಜದಲ್ಲೇ ಕೆಳಗಿಳಿದು, ಛತ್ರಿಯವನ ತೊಡೆಯಿಂದ ಚಿಮ್ಮುತ್ತಿದ್ದ ರಕ್ತವನ್ನು ಆಂಬುಲೆನ್ಸ್ ಬರುವವರೆಗೂ ಒತ್ತಿಹಿಡಿದು ಕೂತಿದ್ದಳು. ಅವನು ಅವಳ ಕೈಯಲ್ಲೇ ಹೋದ.

ನಾವೆಲ್ಲ ಅಕ್ಕನ ಜೊತೆ ಆಸ್ಪತ್ರೆಯಲ್ಲಿದ್ದಾಗ, ದಾರಿಗೆ ಅಡ್ಡವಾಗಿದೆ ಕಾರು ತೆಗೆಸಿ ಎಂದು ಪೊಲೀಸರು ಹೇಳಿದರು. ಭಾವ ಮೇಸ್ತ್ರಿಯನ್ನೇ ಕರೆದ. ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗಾಯಿತು. ಮೇಸ್ತ್ರಿ ಓಡೋಡಿ ಬಂದು ಕಾರನ್ನು ಎಳೆದುಕೊಂಡು ಹೋದ. ಸರ್ಕಾರದ ವಾಹನ ಪರೀಕ್ಷಕರು ಬಂದು ಚಕ್ರ ಬಿಚ್ಚಿಸಿ ನೋಡುವ ಹೊತ್ತಿಗೆ ಒಳಗೆ ಹೊಸ ಪ್ಯಾಡುಗಳಿದ್ದವು. ಬ್ರೇಕಿನಲ್ಲಿ ದೋಷವಿಲ್ಲ ಎಂದರು. ಅಂದರೆ ತಪ್ಪು ಅಕ್ಕನ ಕಾಲಿನದು, ಅಜಾಗರೂಕತೆಯಿಂದ ಒಂದು ಜೀವ ತೆಗೆದವಳು ಅವಳು. ಜೈಲೂ ಆಗಬಹುದು, ಕೆಲಸವಂತೂ ಹೋದಂತೆಯೇ ಎಂದರು ವಕೀಲರು.

ನನಗೆ ತಡೆಯಲಾಗಲಿಲ್ಲ. ಕಟ್ಟೆಯ ಮೇಲಿದ್ದ ಆ ಸವೆದ ಪ್ಯಾಡುಗಳನ್ನು ಕೈಚೀಲಕ್ಕೆ ಹಾಕಿಕೊಂಡು, ಕಾರಿನ ಬಿಡಿಭಾಗ ಮಾರುವ ಅಂಗಡಿಗೆ ಹೋದೆ. ಅಕ್ಕನ ಕಾರಿನ ಮಾದರಿ ಹೇಳಿ ಹೊಸ ಪ್ಯಾಡು ಕೇಳಿ, ಎರಡನ್ನೂ ಗಲ್ಲಾದ ಮೇಲೆ ಅಕ್ಕಪಕ್ಕ ಇಟ್ಟೆ. ದೊಡ್ಡವರ ತೋಳನ್ನು ಮಗುವಿನ ಅಂಗಿಗೆ ಹೊಲಿಯಲು ಹೊರಟ ಹಾಗಿತ್ತು. ಕಟ್ಟೆಯ ಮೇಲಿದ್ದವು ಯಾವುದೋ ವ್ಯಾನಿನವು. ಅಕ್ಕನ ಕಾರಿನ ಚಕ್ರದೊಳಗೆ ಅವು ಯಾವ ಕಾಲಕ್ಕೂ ಕೂರುವಂತಿರಲಿಲ್ಲ. ಹಳೇದನ್ನು ಕೇಳಿ ಪಡೆಯುವ ಜಾಣರಿಗೆಂದೇ ಮೇಸ್ತ್ರಿ ಒಂದು ಡಬ್ಬದ ತುಂಬ ಸವೆದ ಸಾಮಾನು ಇಟ್ಟಿದ್ದಿರಬೇಕು. ಅಪಘಾತವಾಗುವವರೆಗೂ ಅಕ್ಕನ ಕಾರನ್ನು ಅವನು ಮುಟ್ಟಿಯೇ ಇರಲಿಲ್ಲ.

ನನಗೆ ಅಳುವೂ ಬಂತು, ಎಲ್ಲಿಲ್ಲದ ಧೈರ್ಯವೂ ಬಂತು. ಭಾವ ಒಂದು ಮಾತು ಹೇಳಿದರೆ ಸಾಕಿತ್ತು: ಮೇಸ್ತ್ರಿ ನನ್ನ ಕೈಗೆ ಕೊಟ್ಟದ್ದು ಇವನ್ನೇ, ಬ್ರೇಕ್ ಸರಿಯಿಲ್ಲವೆಂದು ನನ್ನ ಹೆಂಡತಿ ಆಮೇಲೂ ಹೇಳಿದ್ದಳು. ನೇರವಾಗಿ ಅವರ ಮನೆಗೆ ಹೋಗಿ ಪ್ಯಾಡುಗಳನ್ನು ಊಟದ ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ. ಭಾವ ಒಂದನ್ನು ಎತ್ತಿಕೊಂಡು ಹೊರಳಿಸಿ ನೋಡಿದ. ಅವನ ಮುಖ ಸಣ್ಣಗಾಯಿತು. ಅವನಿಗೆ ಅರ್ಥವಾಗಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ.

"ಇದನ್ನ ತಗೊಂಡು ಹೋಗಿ ಏನಂತ ಹೇಳ್ಲಿ?" ಎಂದ. "ನಂಗೆ ಯಾರ್ದೋ ತಗಡು ಕೊಟ್ಟು ಕಳಿಸಿದ್ರು, ನಾನು ಕಣ್ಣಿಗೊತ್ತಿಕೊಂಡು ಬಂದೆ ಅಂತಲಾ? ಮೋಸ ಹಿಡಿಯೋಕೆ ಅಂತಾನೇ ನನ್ನ ಕೆಲಸಕ್ಕಿಟ್ಕೊಂಡಿದ್ದಾರೆ."

"ಭಾವ, ಅಕ್ಕ ಜೈಲಿಗೆ ಹೋಗ್ತಾಳೆ."

"ಹಾಗೇನೂ ಆಗಲ್ಲ. ಮೊದಲ ಸಲ, ದಂಡ ಹಾಕಿ ಬಿಡ್ತಾರೆ." ನನ್ನ ಕಡೆ ನೋಡದೆ ಸೇರಿಸಿದ: "ಗಾಬರೀಲಿ ಅವಳು ಸರಿಯಾಗಿ ಒತ್ತಿದ್ಲೋ ಇಲ್ವೋ, ಯಾರಿಗ್ಗೊತ್ತು?"

ಅಕ್ಕ ಒಳಕೋಣೆಯಲ್ಲಿ ಮಲಗಿದ್ದಳು. ಬಾಗಿಲು ತೆರೆದೇ ಇತ್ತು.

ಅಕ್ಕನನ್ನೂ ಭಾವನನ್ನೂ ಹೇಳಿಕೆಗೆ ಕರೆಸಿದ ದಿನ, ಸ್ಟೇಷನ್ನಿಗೆ ಪ್ಯಾಡುಗಳನ್ನು ನಾನೇ ಒಯ್ದೆ. ಇನ್ಸ್‌ಪೆಕ್ಟರು ಒಳ್ಳೆಯವರೇ, ಪೂರ್ತಿ ಕೇಳಿಸಿಕೊಂಡರು. ಇದನ್ನು ಮೇಸ್ತ್ರಿಯ ಕೈಯಿಂದ ಪಡೆದವರು ಯಾರು ಎಂದರು. ಭಾವನನ್ನು ತೋರಿಸಿದೆ. ಭಾವ ಇಸ್ತ್ರಿ ಮಾಡಿದ ಅಂಗಿಯಲ್ಲಿ, ಕುರ್ಚಿಯ ತುದಿಯಲ್ಲಿ ಕೂತಿದ್ದ. ಇವು ಅವಲ್ಲ ಎಂದ. ಅವನ್ನು ಅಂದೇ ಗುಜರಿಗೆ ಹಾಕಿದೆ ಎಂದ. ಹೊಸ ಪ್ಯಾಡು ಹಾಕುವಾಗ ನಾನೇ ಪಕ್ಕದಲ್ಲಿ ನಿಂತು ನೋಡಿದ್ದೆ, ಬ್ರೇಕ್ ಚೆನ್ನಾಗಿತ್ತು ಎಂದ. ಇಲ್ಲದ್ದನ್ನು ಹೇಳುವವನಿಗೆ ಅಷ್ಟೊಂದು ವಿವರ ಎಲ್ಲಿಂದ ಹುಟ್ಟುತ್ತದೋ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಗಾದೆ ಹೇಳಿ ನಗುತ್ತೇವೆ. ಇಲ್ಲಿ ಜಟ್ಟಿ ತನ್ನ ಮೀಸೆಗೆ ಮಣ್ಣಾಗದಿರಲೆಂದು ಹೆಂಡತಿಯನ್ನು ಕೆಳಗೆ ಹಾಕಿ ಅವಳ ಮೇಲೆ ಬಿದ್ದಿದ್ದ. ನನಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಬಾರಿಸಲಿಲ್ಲ. ಇನ್ಸ್‌ಪೆಕ್ಟರು ಪ್ಯಾಡುಗಳನ್ನು ನನ್ನ ಕಡೆಗೇ ತಳ್ಳಿದರು.

ಹೊರಗೆ ಬಂದ ಮೇಲೆ ಅಕ್ಕ ಗಂಡನನ್ನು ದಾಟಿ ನನ್ನ ಹತ್ತಿರ ಬಂದಳು. ಛತ್ರಿಯವನ ಮನೆಗೆ ಹೋಗಬೇಕು, ಬರುತ್ತೀಯಾ ಎಂದು ನನ್ನನ್ನು ಕೇಳಿದಳು. ಬೇಡ, ಅವರು ಹೊಡೆದಾರು, ವಕೀಲರೂ ಬೇಡ ಎಂದಿದ್ದಾರೆ ಎಂದೆ. ನಾನು ಬ್ರೇಕ್ ಒತ್ತಿದೆ ಅಂತ ಅವನ ಹೆಂಡತಿಗಾದರೂ ಗೊತ್ತಿರಬೇಕು ಎಂದಳು.

ಮನೆ ಒಂದೇ ಕೋಣೆಯದು. ಮೂಲೆಯಲ್ಲಿ ಛತ್ರಿಗಳು ರಾಶಿ ಬಿದ್ದಿದ್ದವು, ಕೆಲವಕ್ಕೆ ಬಟ್ಟೆಯಿಲ್ಲ, ಕೆಲವಕ್ಕೆ ಹಿಡಿಯಿಲ್ಲ. ಕೊಟ್ಟವರು ಕೇಳಲು ಬರುತ್ತಾರೆ, ಯಾವುದು ಯಾರದೆಂದು ನಮ್ಮವರಿಗೆ ಮಾತ್ರ ಗೊತ್ತಿತ್ತು ಎಂದಳು ಅವನ ಹೆಂಡತಿ. ನಾವು ಯಾರೆಂದು ಅವಳಿಗೆ ಬಾಗಿಲಲ್ಲೇ ತಿಳಿದಿತ್ತು. ಕೂಗಾಡಲಿಲ್ಲ. ಎರಡು ಛತ್ರಿ ಸರಿಸಿ ಮಂಚದ ಮೇಲೆ ಜಾಗ ಮಾಡಿದಳು. ಕಟ್ಟು ಹಾಕಿದ್ದ ಅಕ್ಕನ ಭುಜವನ್ನು ನೋಡುತ್ತ ನಿಂತಳು.

"ಬ್ರೇಕ್ ಒತ್ತಿದ್ರಾ?" ಎಂದು ಕೇಳಿದಳು.

"ಒತ್ತಿದೆ," ಎಂದಳು ಅಕ್ಕ. "ಎರಡೂ ಕಾಲಲ್ಲಿ ಒತ್ತಿದೆ. ಹಿಡೀಲಿಲ್ಲ."

ಆ ಹೆಂಗಸು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಅವಳ ದನಿಯಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು.

"ಬ್ರೇಕ್ ಚೆನ್ನಾಗಿತ್ತು ಅಂತ ನಿಮ್ಮ ಯಜಮಾನ್ರೇ ಸ್ಟೇಷನ್‌ನಲ್ಲಿ ಹೇಳಿದ್ರಂತೆ. ಕಟ್ಟಿಕೊಂಡವರೇ ಹಾಗೆ ಹೇಳಿದ್ಮೇಲೆ ನಾನು ಯಾರ ಮಾತು ನಂಬ್ಲಿ ತಾಯಿ?"

ನಾನು ಬಾಯಿ ತೆರೆದೆ. ಅಕ್ಕ ಸರಿಯಿದ್ದ ಕೈಯಿಂದ ನನ್ನ ಮಣಿಕಟ್ಟು ಹಿಡಿದು ತಡೆದಳು.

"ನಾನೂ ಅವರ ಮಾತೇ ನಂಬಿದ್ದೆ," ಎಂದಳು.