ಹದಿನಾಲ್ಕು ಮಿಲಿಮೀಟರ್

"ಕಾಲು ಸಡಿಲ ಬಿಡು. ಉಸಿರು ಬಿಗಿ ಹಿಡೀಬೇಡ," ಎಂದ ರೈಮೊ.

ಅವನ ಮಗಳು ಸಾತು ಬಲಗಾಲನ್ನು ಬೆಂಚಿನ ಮೇಲಿಟ್ಟು ಗೋಡೆ ನೋಡುತ್ತ ನಿಂತಳು. ಅಪ್ಪ ಅಳೆಯುವಾಗ ಅವಳು ಮುಳ್ಳಿನ ಕಡೆ ಕಣ್ಣು ಹಾಯಿಸುವವಳಲ್ಲ. ರೈಮೊ ಅವಳ ತೊಡೆಯ ನಡುಭಾಗದಲ್ಲಿ ಎರಡು ಬೆರಳಿನಿಂದ ಚರ್ಮವನ್ನು ಮಡಿಕೆಯಾಗಿ ಎತ್ತಿ, ಅದಕ್ಕೆ ಕೊಬ್ಬಿನ ದಪ್ಪ ಅಳೆಯುವ ಇಕ್ಕಳದಂಥ ಕ್ಯಾಲಿಪರಿನ ಬಾಯಿ ಕೊಟ್ಟು, ಮನಸ್ಸಿನಲ್ಲೇ ಎರಡು ಎಣಿಸಿದ. ಮುಳ್ಳು ಹದಿನಾಲ್ಕು ಮಿಲಿಮೀಟರಿಗೆ ಬಂದು ನಿಂತಿತು. ಹೋದ ಗುರುವಾರವೂ ಹದಿನಾಲ್ಕು. ಅದರ ಹಿಂದಿನ ಗುರುವಾರವೂ ಹದಿನಾಲ್ಕೇ. ಆದರೆ ತಕ್ಕಡಿಯ ಮೇಲೆ ಅವಳು ಈ ಹದಿನೈದು ದಿನದಲ್ಲಿ ಒಂದೂವರೆ ಕಿಲೊ ಇಳಿದಿದ್ದಳು.

ಇದರ ಅರ್ಥ ತಿಳಿಯಲು ರೈಮೊಗೆ ಯಾವ ಪುಸ್ತಕವೂ ಬೇಕಿರಲಿಲ್ಲ. ಯುದ್ಧ ಬಂದರೆ ಇರಲಿ ಎಂದು ಕಟ್ಟಿ, ಯುದ್ಧ ಬಾರದ್ದರಿಂದ ಡಂಬೆಲ್ ತುಂಬಿಸಿದ ನೆಲಮಾಳಿಗೆ ಅವರಿದ್ದ ಜಾಗ. ಕೊಟ್ಕ ಊರಿನಲ್ಲಿ ದೇಹದಾರ್ಢ್ಯ ಸ್ಪರ್ಧೆಗೆ ಹೋಗುವವರೆಲ್ಲ ಅಲ್ಲೇ ಬೆವರು ಸುರಿಸುತ್ತಿದ್ದರು, ಇಪ್ಪತ್ತು ವರ್ಷದಿಂದ ರೈಮೊನೇ ಅವರ ಕೊಬ್ಬು ಅಳೆಯುತ್ತಿದ್ದ. ಕಾಗದದ ಕಾರ್ಖಾನೆಯಲ್ಲಿದ್ದಾಗ ರಜೆಯ ದಿನ, ನಿವೃತ್ತನಾದ ಮೇಲೆ ದಿನಾ. ತೂಕ ಇಳಿದು ಮಡಿಕೆ ಇಳಿಯದಿದ್ದರೆ ಕರಗುತ್ತಿರುವುದು ಕೊಬ್ಬಲ್ಲ, ಸ್ನಾಯು. ಆಗ ದಿನಕ್ಕೆ ಇನ್ನೂರು ಕ್ಯಾಲೊರಿ ಊಟ ಹೆಚ್ಚಿಸಬೇಕು, ಓಟ ತಗ್ಗಿಸಬೇಕು. ಬಂದವರಿಗೆಲ್ಲ ಇದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಸಿದವನೇ ಅವನು.

"ಎಷ್ಟು?" ಎಂದಳು ಸಾತು, ಗೋಡೆಗೆ ಹೇಳುವಂತೆ.

"ತಾಳು, ಇನ್ನೊಂದು ಸಲ ಹಿಡೀತೀನಿ."

"ಹೋದ ವಾರ ಹೇಳಿದೀನಿ ನಿಂಗೆ. ಈ ಸಲಾನೂ ಇಳೀದಿದ್ರೆ ಸ್ಪರ್ಧೆಯಿಂದ ಹೆಸರು ವಾಪಸ್ ತಗೋತೀನಿ. ಸಾವಿರದ ಐನೂರು ಕ್ಯಾಲೊರೀಲಿ ಬದುಕೋಕೆ ನಾನೇನು ಗುಬ್ಬಚ್ಚೀನಾ?"

ಅವಳು ನಕ್ಕೇ ಹೇಳಿದ್ದಳು. ರೈಮೊಗೆ ಮಾತ್ರ ನಗು ಕೇಳಿಸಲಿಲ್ಲ. ಅವನ ಮದುವೆ ಮುರಿದ ಮೇಲೆ ಒಂಬತ್ತು ವರ್ಷ ಈ ಹುಡುಗಿ ಅವನೊಂದಿಗೆ ಮಾತಾಡಿರಲಿಲ್ಲ. ಕ್ರಿಸ್‌ಮಸ್ಸಿಗೊಂದು ಕಾರ್ಡು ಬರುತ್ತಿತ್ತು, ಅದರಲ್ಲಿ ಬರೀ ಹೆಸರು. ಹೋದ ವರ್ಷ ಒಂದು ದಿನ ಇದ್ದಕ್ಕಿದ್ದಂತೆ ಮೆಟ್ಟಿಲಿಳಿದು ಬಂದು, "ನನ್ನನ್ನೂ ಅಳೀತೀಯಾ?" ಎಂದಿದ್ದಳು. ಅಂದಿನಿಂದ ಪ್ರತಿ ಗುರುವಾರ ಬೆಳಿಗ್ಗೆ, ಅವಳು ಬಂದರಿನ ಕೆಲಸಕ್ಕೆ ಹೋಗುವ ಮುಂಚೆ, ಅಳತೆ ಮುಗಿಸಿ ಅಪ್ಪ ಮಗಳು ಅರ್ಧ ಗಂಟೆ ಕೂರುತ್ತಿದ್ದರು. ಅವನದು ಕಾಫಿ, ಅವಳದು ಸಪ್ಪೆ ಗಟ್ಟಿಮೊಸರು. ಅವಳು ಹೆಸರು ವಾಪಸ್ ತೆಗೆದುಕೊಂಡರೆ ಈ ಅರ್ಧ ಗಂಟೆಯೂ ಹೋಯಿತು ಎಂದುಕೊಂಡ.

ಅಳೆದೂ ಸುರಿದೂ ರೈಮೊ ಕ್ಯಾಲಿಪರಿನ ಬಾಯಿಯನ್ನು ಮಡಿಕೆಯ ಬುಡದಿಂದ ತುದಿಗೆ ಸರಿಸಿದ. ತುದಿಯಲ್ಲಿ ಮಡಿಕೆ ತೆಳ್ಳಗಿರುತ್ತದೆ. ಮುಳ್ಳು ಎಂದೂ ಸುಳ್ಳು ಹೇಳುವುದಿಲ್ಲ, ಕೇಳಿದ ಜಾಗದ್ದನ್ನು ಹೇಳುತ್ತದೆ, ಅಷ್ಟೆ.

"ಹನ್ನೆರಡು," ಎಂದ.

ಸಾತು ತಿರುಗಿ ಅವನ ಬೋಳು ತಲೆಗೆ ಮುತ್ತು ಕೊಟ್ಟಳು. ಅವಳು ಕೊನೆಯ ಸಲ ಹಾಗೆ ಮಾಡಿದ್ದು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ.

ಮುಂದಿನ ಗುರುವಾರ ಹನ್ನೊಂದೂವರೆ ಎಂದ. ಅದರ ಮುಂದಿನದಕ್ಕೆ ಹನ್ನೊಂದು. ಒಂದು ಸುಳ್ಳು ಹೇಳಿದವನಿಗೆ ಎರಡನೆಯದು ಅಷ್ಟೇನೂ ಭಾರವಲ್ಲ. ಅಂಕಿ ಇಳಿಯುತ್ತಿದ್ದದ್ದರಿಂದ ಊಟ ಹೆಚ್ಚಿಸುವ ಮಾತೇ ಬರಲಿಲ್ಲ. ಅವಳು ಅದೇ ಸಾವಿರದ ಐನೂರಿಗೆ ಕಟ್ಟುಬಿದ್ದಳು. ಹೆಗಲು ಇಳಿಯಿತು, ಮುಖ ಒಣಗಿತು. ಕೆಲಸಕ್ಕೆ ಹೋಗುವಾಗ ಮೆಟ್ಟಿಲ ಕಂಬಿ ಹಿಡಿದು ಹತ್ತತೊಡಗಿದಳು. ರೈಮೊ ಕಂಡೂ ಕಾಣದವನಂತೆ ಕಪ್ಪು ತೊಳೆಯುತ್ತಿದ್ದ. ನಾಳೆ ಹೇಳಿದರಾಯಿತು ಎಂದುಕೊಂಡೇ ಆರು ಗುರುವಾರ ಕಳೆದ.

ಲಾಹ್ತಿಯ ಸ್ಪರ್ಧೆಯಲ್ಲಿ ಎಂಟು ಹೆಂಗಸರಿದ್ದರು. ಸಾತು ಎಂಟನೆಯವಳಾದಳು. ದೀಪದ ಕೆಳಗೆ ಮಿಕ್ಕವರ ತೊಡೆಗಳು ಹಗ್ಗ ಹೊಸೆದ ಹಾಗಿದ್ದವು. ಅವಳದು ಚಪ್ಪಟೆಯಾಗಿತ್ತು, ಅಷ್ಟು ದಿನದ ದುಡಿಮೆಯ ಗುರುತೇ ಇರಲಿಲ್ಲ. ಮುಗಿದ ಮೇಲೆ ತೀರ್ಪುಗಾರ್ತಿಯೊಬ್ಬಳು ಅವಳನ್ನು ಪಕ್ಕಕ್ಕೆ ಕರೆದಳು. ರೈಮೊ ನಾಲ್ಕು ಹೆಜ್ಜೆ ಹಿಂದೆ ಅವಳ ಕೋಟು ಹಿಡಿದು ನಿಂತಿದ್ದ.

"ಕೊಬ್ಬು ಇದ್ದಲ್ಲೇ ಇದೆ, ಸ್ನಾಯು ಹೋಗಿದೆಯಲ್ಲಮ್ಮ. ಯಾರು ನಿನ್ನನ್ನ ನೋಡ್ಕೊಂಡಿದ್ದು?"

"ನಮ್ಮಪ್ಪ. ಅವ್ರು ಸರಿಯಾಗೇ ನೋಡ್ಕೊಂಡ್ರು," ಎಂದಳು ಸಾತು. "ನಂದೇ ಎಲ್ಲೋ ತಪ್ಪಿದೆ."

ಕಾರಿನಲ್ಲಿ ಎರಡು ಗಂಟೆ ಅವಳು ನಿದ್ದೆ ಮಾಡಿದಳು. ರೈಮೊ ನಾಚಿಕೆಯಿಂದ ಕಿವಿ ಸುಡುತ್ತಿದ್ದರೂ ರಸ್ತೆ ನೋಡಿಕೊಂಡು ಕಾರು ಓಡಿಸಿದ.

ಹತ್ತು ದಿನದ ನಂತರ ಅವಳು ಗುರುವಾರವಲ್ಲದ ದಿನ ಬಂದಳು. ಕೈಯಲ್ಲಿ ಒಂದು ಪುಟ್ಟ ಡಬ್ಬಿ.

"ಆಸ್ಪತ್ರೇಲಿ ಸ್ಕ್ಯಾನ್ ಮಾಡಿಸ್ದೆ. ಜನವರೀಲೂ ಮಾಡಿಸಿದ್ನಲ್ಲ, ಅಲ್ಲೇ. ಎರಡೂವರೆ ಕಿಲೊ ಸ್ನಾಯು ಹೋಗಿದೆ ಅಪ್ಪ. ಕೊಬ್ಬು ನಾವು ಅಂದ್ಕೊಂಡಿದ್ದರ ಅರ್ಧದಷ್ಟೂ ಇಳಿದಿಲ್ಲ." ಡಬ್ಬಿಯನ್ನು ಮೇಜಿನ ಮೇಲಿಟ್ಟಳು. "ನಿನ್ನ ಕ್ಯಾಲಿಪರಿನ ಸ್ಪ್ರಿಂಗ್ ಸಡಿಲ ಆಗಿರ್ಬೇಕು. ಇಪ್ಪತ್ತು ವರ್ಷದ್ದು ಪಾಪ. ಹೊಸದು ತಂದಿದೀನಿ."

ಹೌದು ಎಂದುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಸ್ಪ್ರಿಂಗಿಗೆ ಬಾಯಿಲ್ಲ. ಆದರೆ ಕಳ್ಳನ ಮನಸ್ಸು ಹುಳ್ಳುಳ್ಳಗೆ. ಡಬ್ಬಿಯ ಮೇಲೆ ಅವಳು ಅವನ ಹೆಸರು ಬರೆಸಿದ್ದನ್ನು ಕಂಡಮೇಲೆ ಅವನಿಂದ ಆಗಲಿಲ್ಲ.

"ಸ್ಪ್ರಿಂಗ್ ಸರಿಯಾಗೇ ಇದೆ," ಎಂದ.

"ಮತ್ತೆ?"

"ಮಡಿಕೆ ತುದೀಲಿ ಹಿಡೀತಿದ್ದೆ."

ಬೇರೆಯವರಿಗಾದರೆ ಬಿಡಿಸಿ ಹೇಳಬೇಕಿತ್ತು. ಸಾತುಗೆ ಬೇಕಿರಲಿಲ್ಲ.

"ಎಷ್ಟು ವಾರ?"

"ಆರು."

ಅವಳು ಕುರ್ಚಿ ಎಳೆದು ಕೂತಳು. "ಆರು ವಾರ," ಎಂದಳು. "ಫ್ರಿಜ್ ಬಾಗಿಲು ತೆಗ್ದು ಬರೀ ವಾಸನೆ ನೋಡಿ ಮುಚ್ಚಿದೀನಿ. ಬಸ್ಸಲ್ಲಿ ಪಕ್ಕದೋಳು ರೊಟ್ಟಿ ತಿಂತಿದ್ರೆ ಸೀಟು ಬದಲಾಯ್ಸಿದೀನಿ. ಯಾಕಪ್ಪ?"

"ಹೆಸರು ವಾಪಸ್ ತಗೋತೀನಿ ಅಂದೆ. ತಗೊಂಡಿದ್ರೆ ಆಮೇಲೆ ನೀನು ಇಲ್ಲಿಗೆ ಬರ್ತಿರ್ಲಿಲ್ಲ."

"ಬರ್ತಿರ್ಲಿಲ್ಲ ಅಂತ ಯಾರು ಹೇಳಿದ್ರು ನಿಂಗೆ?"

ಯಾರೂ ಹೇಳಿರಲಿಲ್ಲ. ಅವನೂ ಕೇಳಿರಲಿಲ್ಲ. ಸಾತು ಬೈಯುತ್ತಾಳೆ ಎಂದು ಕಾದ. ಬೈದಿದ್ದರೆ ಚೆನ್ನಾಗಿತ್ತು. ಅವಳು ಎದ್ದು ಕೋಟಿನ ಗುಂಡಿ ಹಾಕಿಕೊಂಡು ಹೋದಳು.

ಆಮೇಲೆ ಇಡೀ ಚಳಿಗಾಲ ಅವಳು ಬರಲಿಲ್ಲ. ನಡೆದದ್ದನ್ನು ಯಾರಿಗೂ ಹೇಳಲೂ ಇಲ್ಲ. ಜನ ಎಂದಿನಂತೆ ರೈಮೊನ ಮುಂದೆ ಅಂಗಿ ಎತ್ತಿ ನಿಲ್ಲುತ್ತಿದ್ದರು. ಅವನು ಪ್ರತಿಯೊಬ್ಬರದನ್ನೂ ಮೂರು ಮೂರು ಸಲ ಬುಡದಲ್ಲೇ ಹಿಡಿದು, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದ.

ಏಪ್ರಿಲ್ಲಿನಲ್ಲಿ ಸಾತು ಮತ್ತೆ ತಯಾರಿ ಶುರು ಮಾಡಿದಳು. ಬರುವಾಗ ಹೋಗುವಾಗ ಅವನಿಗೆ ನಮಸ್ಕಾರ ಹೇಳುತ್ತಿದ್ದಳು, ಎಲ್ಲರಿಗೂ ಹೇಳಿದ ಹಾಗೆ. ಅಳೆಸಿಕೊಳ್ಳಲು ಮಾತ್ರ ಪರದೆಯ ಆಚೆ, ಹೊಸದಾಗಿ ಅಳೆಯಲು ಸೇರಿದ್ದ ಇರ್ಮಾಳ ಹತ್ತಿರ ಹೋಗುತ್ತಿದ್ದಳು. ಒಬ್ಬರ ಮೈಯನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಕೈ ಅಳೆಯಬೇಕೆಂಬುದು ಅಲ್ಲಿನ ಕಟ್ಟಳೆ. ಕೈ ಬದಲಾದರೆ ಹಿಂದಿನ ಲೆಕ್ಕವೆಲ್ಲ ರದ್ದು.

ಮೇ ತಿಂಗಳ ಒಂದು ಗುರುವಾರ ರೈಮೊ ಒಬ್ಬ ಬಸ್ ಡ್ರೈವರನ ಹೊಟ್ಟೆಯ ಮಡಿಕೆ ಹಿಡಿದಿದ್ದ. ಪರದೆಯಾಚೆ ಇರ್ಮಾಳ ಗಂಟಲು ಕೇಳಿಸಿತು. ಅವಳದು ಮೊದಲೇ ಮೀನು ಮಾರುವ ಗಂಟಲು.

"ಹದಿನೇಳು. ಮೂರನೇ ವಾರಾನೂ ಹದಿನೇಳೇ ಕಣೆ. ಒಂದು ಗೆರೆ ಆಚೀಚೆ ಆಗಿಲ್ಲ."

ರೈಮೊ ಉಸಿರು ಹಿಡಿದ.

"ಸರಿ, ಬರ್ಕೋ," ಎಂದಳು ಸಾತು. "ತೂಕ ಇಳಿದಿದೆಯಲ್ಲ, ಹಾಗಾದ್ರೆ ಇವತ್ತಿಂದ ಇನ್ನೂರು ಹೆಚ್ಚು. ಮುಂದಿನ ಗುರುವಾರ ಎಷ್ಟೊತ್ತಿಗೆ ಬರ್ಲಿ?"

"ಏಳಕ್ಕೆ ಬಾ."

"ಏಳಕ್ಕೆ ಬರ್ತೀನಿ."

ಶೂಗಳ ಸದ್ದು ಮೆಟ್ಟಿಲ ಮೇಲೆ ಹತ್ತಿ ಹೋಯಿತು.

"ನಂದೆಷ್ಟು?" ಎಂದ ಡ್ರೈವರ್, ಅಂಗಿಯನ್ನು ಗಲ್ಲಕ್ಕೆ ಒತ್ತಿ ಹಿಡಿದುಕೊಂಡೇ.

ರೈಮೊ ಮುಳ್ಳು ನೋಡುವುದನ್ನೇ ಮರೆತಿದ್ದ. "ಒಂದು ನಿಮಿಷ," ಎಂದು ಕೈ ಒರೆಸಿಕೊಂಡು ಮತ್ತೆ ಹಿಡಿದ.