ಟ್ಯಾಂಕಿನ ಗೋಡೆಯ ಕಬಡ್ಡಿ ತಂಡ

ತರೀಕೆರೆಯಲ್ಲಿ ಫೋಟೊ ಸ್ಟುಡಿಯೊ ಇಟ್ಟುಕೊಂಡಿದ್ದ ಅಶ್ವಿನಿಗೆ ಮದುವೆ, ನಾಮಕರಣಗಳಿಲ್ಲದ ಭಾನುವಾರ ಸಿಕ್ಕಿತೆಂದರೆ ಸ್ಕೂಟರ್ ಹತ್ತಿ ಹೊರಟುಬಿಡುವ ಹುಚ್ಚು. ಕಡೂರಿನ ಪಾಳುಬಿದ್ದ ಪಾರ್ಕಿನ ಸಿಮೆಂಟ್ ಜಿಂಕೆ, ಮುಚ್ಚಿದ ಟಾಕೀಸಿನ ಗೋಡೆಯ ಮೇಲಿನ ಮಾಸಿದ ನವಿಲು, ಹೀಗೆ ಯಾರೂ ತಿರುಗಿ ನೋಡದ್ದನ್ನೆಲ್ಲ ಕ್ಯಾಮೆರಾಗೆ ತುಂಬಿಕೊಳ್ಳುವಳು. "ಮಾತಾಡೋ ಜನ ಬಿಟ್ಟು ಗೋಡೆ ಹಿಂದೆ ಬಿದ್ದಿದೀಯಲ್ಲೇ" ಎಂದು ತಾಯಿ ಬೈಯುತ್ತಿದ್ದಳು.

ಅಜ್ಜಂಪುರದ ಹಳೇ ನೀರಿನ ಟ್ಯಾಂಕಿನ ಗೋಡೆ ಕಣ್ಣಿಗೆ ಬಿದ್ದದ್ದು ಅಂಥ ಒಂದು ಭಾನುವಾರವೇ. ಮುಳ್ಳುಗಿಡಗಳ ಹಿಂದೆ, ಲಂಗ ಎತ್ತಿ ಕಟ್ಟಿದ ಹುಡುಗಿಯರು ಕಬಡ್ಡಿ ಆಡುತ್ತಿರುವ ಚಿತ್ರ. ಬಣ್ಣ ಚಕ್ಕೆಯೆದ್ದಿತ್ತು. ಆದರೂ ಎದುರಾಳಿಯ ಕಾಲು ಹಿಡಿದೆಳೆಯುತ್ತಿದ್ದವಳ ತೋಳಿನ ಬಿಗಿ ಕಾಣುತ್ತಿತ್ತು. ಬೆಳಕು ಇಳಿದಿದ್ದರಿಂದ ಒಂದೆರಡು ಫೋಟೊ ತೆಗೆದು, ಮುಂದಿನ ವಾರ ಬೆಳಿಗ್ಗೆಯೇ ಬರೋಣವೆಂದು ಹೊರಟಳು.

ಆ ಬೆಳಿಗ್ಗೆ ಬಂದು ನೋಡಿದರೆ, ಕಲ್ಲೇಶ್ ಎಂಬ ಪೇಂಟರ್ ಅರ್ಧ ಗೋಡೆಗೆ ಸುಣ್ಣ ಬಳಿದಾಗಿತ್ತು.

"ಅಣ್ಣಾ, ನಿಲ್ಸಿ! ಚಿತ್ರ ಹೋಗ್ತಿದೆ!"

"ಕಂಟ್ರಾಕ್ಟರು ನಾಲ್ಕೂ ಕಡೆ ಹೊಡಿ ಅಂದವ್ರೆ ಕಣಮ್ಮ. ನಾನೇನ್ ಮಾಡ್ಲಿ?"

ಗಲಾಟೆ ಕೇಳಿ ಎದುರಿನ ಟೈಲರಿಂಗ್ ಅಂಗಡಿಯ ಪಂಕಜಾಕ್ಷಿ ಕೊರಳಲ್ಲಿ ಟೇಪ್ ಹಾಕಿಕೊಂಡೇ ಬಂದಳು. ಐವತ್ತು ದಾಟಿದ ಗಟ್ಟಿ ಹೆಂಗಸು. ಅಶ್ವಿನಿ ಹಿಂದಿನ ವಾರದ ಫೋಟೊ ತೋರಿಸಿದಳು. ಪಂಕಜಾಕ್ಷಿ ಅದರಲ್ಲಿ ಒಬ್ಬಳ ಮೇಲೆ ಬೆರಳಿಟ್ಟಳು.

"ಈ ಕಾಲು ಹಿಡ್ದಿರೋಳು ನಾನು ಕಣಮ್ಮ. ಸ್ಕೂಲಲ್ಲಿದ್ದಾಗ ಜಿಲ್ಲೆಗೇ ಫಸ್ಟ್ ಬಂದಿದ್ವಿ. ನಮ್ ಡ್ರಾಯಿಂಗ್ ಮೇಷ್ಟ್ರು ಬರೆದಿದ್ದು. ಮುಳ್ಳು ಬೆಳ್ದು ಇದು ಇರೋದೇ ಮರ್ತೋಗಿತ್ತು." ಅಷ್ಟು ಹೇಳಿ ಪೇಂಟರ್‌ನತ್ತ ತಿರುಗಿದಳು. "ಲೇ ಕಲ್ಲೇಶ, ಬ್ರಷ್ ಕೆಳಗಿಡೋ. ನಿಮ್ ಕಂಟ್ರಾಕ್ಟರಿಗೆ ಫೋನ್ ಮಾಡ್ಕೊಡು, ನಾನ್ ಮಾತಾಡ್ತೀನಿ."

ಫೋನಿನಲ್ಲಿ ಮೊದಲು ಜಗಳ, ಆಮೇಲೆ ನಗು, ಕೊನೆಗೆ ಉಳಿದರ್ಧ ಹಾಗೇ ಬಿಡಲು ಕಂಟ್ರಾಕ್ಟರು ಒಪ್ಪಿದ. ಆದರೆ ಇಬ್ಬರು ಆಟಗಾರ್ತಿಯರು ಆಗಲೇ ಸುಣ್ಣದಡಿ ಸೇರಿದ್ದರು.

"ಅವ್ರಿಬ್ರೂ ಯಾರಕ್ಕಾ?"

"ಯಶೋದಾ, ಕಡೂರಲ್ಲವಳೆ. ಈರಕ್ಕನ್ನ ಹಿರೇನಲ್ಲೂರಿಗೆ ಕೊಟ್ರು. ಮಾತಾಡಿ ಎಷ್ಟು ಕಾಲ ಆಯ್ತೋ. ಕರೆದ್ರೆ ಬತ್ತಾರೋ ಇಲ್ವೋ."

ಬಂದರು. ಕ್ಯಾಮೆರಾದಲ್ಲಿದ್ದ ಹಳೇ ಫೋಟೊ ನೋಡಿಕೊಂಡು, ಬಿಳಿ ಗೋಡೆಯ ಮುಂದೆ ತಮ್ಮ ತಮ್ಮ ಜಾಗದಲ್ಲೇ ನಿಂತರು. ಮಂಡಿನೋವಿನ ಈರಕ್ಕ ಬಗ್ಗಲಾಗದೆ ನಗತೊಡಗಿದಳು. "ನಗ್ಬೇಡ ಕಣೇ, ಉಸ್ರು ಬಿಟ್ರೆ ಔಟು" ಎಂದು ಗದರಿದ ಯಶೋದಾಳಿಗೂ ನಗು ತಡೆಯಲಾಗಲಿಲ್ಲ. ಅಶ್ವಿನಿ ಕ್ಲಿಕ್ಕಿಸಿದ್ದು ಆಗಲೇ.

ಆ ಫೋಟೊ ದೊಡ್ಡದಾಗಿ ಪ್ರಿಂಟಾಗಿ ಪಂಕಜಾಕ್ಷಿಯ ಅಂಗಡಿ ಸೇರಿತು. ರವಿಕೆ ಹೊಲಿಸಲು ಬಂದವರ ಹೆಣ್ಣುಮಕ್ಕಳು ಅದನ್ನು ನೋಡಿ, "ಆಂಟಿ, ನಮಗೂ ಹೇಳ್ಕೊಡ್ತೀರಾ?" ಎಂದು ದುಂಬಾಲುಬಿದ್ದರು. ಈಗ ಟ್ಯಾಂಕಿನ ಸುತ್ತಲಿನ ಮುಳ್ಳು ಸವರಿ, ನೆಲ ಮಟ್ಟ ಮಾಡಿ, ಸುಣ್ಣದ ಗೆರೆ ಎಳೆದಿದ್ದಾರೆ. ಮೊನ್ನೆ ಅಶ್ವಿನಿ ಹೋದಾಗ ಪಂಕಜಾಕ್ಷಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹುಡುಗಿಯೊಬ್ಬಳ ಪಾದದ ಬಳಿ ಕುಕ್ಕರುಗಾಲಲ್ಲಿ ಕೂತು, ಎಲ್ಲಿ ಹಿಡಿಯಬೇಕೆಂದು ತೋರಿಸುತ್ತಿದ್ದಳು.

"ದೂರ ನಿಂತ್ಕೊಳಮ್ಮ, ಕ್ಯಾಮೆರಾಗೆ ಧೂಳು ಬೀಳುತ್ತೆ!"

ಅಶ್ವಿನಿ ಇನ್ನೂ ಹತ್ತಿರ ಹೋದಳು.