ಆರು ಹಿಡಿ ಕಪ್ಪು ಮಣ್ಣು

ರೋತಿಯಾಳ ಅಜ್ಜನ ಮನೆತನದ ಗೊಬ್ಬರದ ಗುಟ್ಟನ್ನು ನಾನು ಎಂಟನೇ ತರಗತಿಯ ಪ್ರಶ್ನೆಪತ್ರಿಕೆಯಲ್ಲಿ ಅಚ್ಚು ಹಾಕಿಸಿದೆ.

ನಮ್ಮ ಅಬೆಮಾಮ ದ್ವೀಪಕ್ಕೆ ಬಂದ ಗಣಿತದ ಪುಸ್ತಕದಲ್ಲಿ ರೈಲು ಓಡುತ್ತಿತ್ತು, ಸೇಬು ಹಂಚುತ್ತಿದ್ದರು. ಯಾರ ರೈಲು, ಯಾರ ಸೇಬು? ಬೀಜಗಣಿತ ಯಾರ ತಲೆಗೂ ಹೋಗಲಿಲ್ಲ. ಪುಸ್ತಕ ಮುಚ್ಚಿಟ್ಟು, "ನಿಮಗೆ ಇಷ್ಟವಾದದ್ದು ಬರ್ಕೊಂಡು ಬನ್ನಿ, ಅದರಲ್ಲೇ ಲೆಕ್ಕ ಮಾಡೋಣ" ಅಂದೆ. ಕೆಲವರು ವಾಲಿಬಾಲ್ ಬರೆದರು, ಕೆಲವರು ಕುಣಿತ. ರೋತಿಯಾ ಬರೆದದ್ದು, ಅಜ್ಜನ ಜೊತೆ ಗುಂಡಿಗಿಳಿದು, ಅಲ್ಲಿ ಬೆಳೆಯುವ ಕೆಸುವಿನಂಥ ಬಾಬಾಯಿ ಗೆಡ್ಡೆಗೆ ಗೊಬ್ಬರ ಹಾಕುವುದು. ಎಲೆ ಎಷ್ಟು, ಮಣ್ಣು ಎಷ್ಟು, ಎಲ್ಲ ಇತ್ತು. ಕೊನೆಗೆ, "ಮಿಸ್, ಇದು ನಿಮಗೆ ಮಾತ್ರ."

ಆ ಸಾಲನ್ನೂ ಓದಿದ್ದೆ. ನಾನೂ ಇದೇ ಊರವಳು. ಇಲ್ಲಿ ಮಾವ ಅಳಿಯನಿಗೂ ಗೊಬ್ಬರದ ಅಳತೆ ಬಾಯಿ ಬಿಡುವುದಿಲ್ಲ. ಆದರೆ ಲೆಕ್ಕ ಎಷ್ಟು ಚೆನ್ನಾಗಿ ಕೂತಿತ್ತು!

ಮೂರು ಬುಟ್ಟಿ ಎಲೆ, ಬುಟ್ಟಿಗೆ ಎಕ್ಸ್ ಹಿಡಿ ಕಪ್ಪು ಮಣ್ಣು, ಮೇಲೆ ಎರಡು ಹಿಡಿ, ಒಟ್ಟು ಇಪ್ಪತ್ತು. ತರಗತಿಗೆ ತರಗತಿಯೇ ಬಿಡಿಸಿತು. ಎಕ್ಸ್ ಅಂದರೆ ಆರು. ನಾನು ಚಪ್ಪಾಳೆ ಹೊಡೆಸಿದೆ.

ಭಾನುವಾರ ಊರ ಸಭಾಮನೆಯಲ್ಲಿ ಯಾರೋ ಕೂಗಿದರು: "ಏನಜ್ಜಾ, ಬರೀ ಆರು ಹಿಡೀನಾ? ನಾವೇನೋ ಮಂತ್ರ ಹಾಕ್ತೀಯ ಅಂದ್ಕೊಂಡಿದ್ವಿ!" ಜನ ಬಿದ್ದು ಬಿದ್ದು ನಕ್ಕರು. ಅಜ್ಜ ಚಾಪೆ ಸುತ್ತಿಕೊಂಡು ಎದ್ದ. ಅಂದಿನಿಂದ ಸಭಾಮನೆಯಲ್ಲಿ ಆ ಮನೆತನದವರು ಕೂರುವ ಕಂಬದ ಬುಡ ಖಾಲಿ.

ಮುಂದಿನ ವಾರ ರಾಜಧಾನಿ ತರಾವಾದಿಂದ ಶಿಕ್ಷಣಾಧಿಕಾರಿ ಇಯೊತೆಬಾ ಬಂದರು. ನನ್ನ ಪ್ರಶ್ನೆಪತ್ರಿಕೆ ನೋಡಿ ಹಿಗ್ಗಿದರು.

"ಭೇಷ್ ಮೇಡಂ! ಎಲ್ಲ ದ್ವೀಪಕ್ಕೂ ಇದನ್ನೇ ಕಳಿಸೋಣ. ಗೊಬ್ಬರ ಎಷ್ಟು ದಿನಕ್ಕೊಮ್ಮೆ ಹಾಕ್ತಾರೆ? ಅದು ವೈ ಆಗ್ಲಿ. ಹುಡುಗೀನೇ ಬೋರ್ಡ್ ಮೇಲೆ ಬರೀಲಿ."

ಆ ದಿನಗಳ ಲೆಕ್ಕವನ್ನು ಅವಳು ನನಗೂ ಬರೆದುಕೊಟ್ಟಿರಲಿಲ್ಲ. ಆ ಮನೆಗೆ ಉಳಿದ ಗುಟ್ಟು ಅದೊಂದೇ.

ರೋತಿಯಾ ಸೀಮೆಸುಣ್ಣ ಹಿಡಿದು ನನ್ನ ಕಡೆ ನೋಡಿದಳು. 'ಬೇಡ ಸರ್' ಎನ್ನಲು ಎರಡೇ ಮಾತು ಸಾಕಿತ್ತು. ಅಧಿಕಾರಿಯ ಕೈಯಲ್ಲಿ ನನ್ನ ಹೆಸರಿದ್ದ ಕಡತವಿತ್ತು.

"ಬರಿ ಮಗಳೇ," ಅಂದೆ.

ಅವಳು ಸೀಮೆಸುಣ್ಣ ತಂದು ನನ್ನ ಮೇಜಿನ ಮೇಲಿಟ್ಟಳು.

"ಗೊತ್ತಿಲ್ಲದ್ದಕ್ಕೆ ವೈ ಅಂತಾರೆ ಅಂತ ನೀವೇ ಹೇಳ್ಕೊಟ್ರಲ್ಲ ಮಿಸ್. ನಿಮಗೆ ಗೊತ್ತಾಗೋದು ಬೇಡ. ನಾನು ಬರೆಯಲ್ಲ."